ಹಳೆ ಬೋರ್ಡಿನ ಪರವಾನಗಿ

ಸುಗುಣ ತನ್ನ ಮೂರನೇ ಕಂಪ್ಯೂಟರನ್ನು ತಾನೇ ಜೋಡಿಸಿದ್ದಳು. ಬೈಂದೂರಿನಲ್ಲಿ ಅದನ್ನು ನಂಬದವರು ಇನ್ನೂ ಇದ್ದಾರೆ. ಗಂಡಸರು ಯಾರೋ ಬಂದು ಮಾಡಿಕೊಟ್ಟಿರಬೇಕು ಎನ್ನುತ್ತಾರೆ. ಅವಳು ಅದನ್ನು ಒಂದೇ ವಾರದಲ್ಲಿ ಎರಡು ಸಲ ಬಿಚ್ಚಿ ಎರಡು ಸಲ ಕಟ್ಟಿದ್ದನ್ನು ನಾನು ಪಕ್ಕದಲ್ಲೇ ಕೂತು ಕಂಡಿದ್ದೇನೆ. ಆ ವಾರದ ಕತೆ ಇದು. ಎರಡು ಸಾವಿರದ ಒಂಬತ್ತನೇ ಇಸವಿ, ಮಳೆ ಹಿಡಿಯುವ ಮೊದಲು.

ನನ್ನ ಊರು ಪಕ್ಕದ ಉಪ್ಪುಂದ. ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತೆ. ಅರುವತ್ತೈದಕ್ಕೆ ಸುಗುಣಳ ಮನೆಯ ಟೈಪಿಂಗ್ ಕ್ಲಾಸಿಗೆ ಸೇರಿದೆ. "ಪದ್ದಕ್ಕ, ಈ ಪ್ರಾಯದಲ್ಲಿ ಎಂತಕೆ?" ಎಂದು ಬಸ್ಸಿನಲ್ಲಿ ಕೇಳಿದವರಿಗೆ, "ಬುಟ್ಟಿ ಇಳಿಸಿದ ಮೇಲೆ ಕೈಗೆ ಕೆಲ್ಸ ಇಲ್ಲೆ" ಎಂದು ಹೇಳುತ್ತಿದ್ದೆ.

ಕ್ಲಾಸಿನಲ್ಲಿ ನಾವು ಹನ್ನೊಂದು ಹೆಂಗಸರು. ಎಲ್ಲರಿಗಿಂತ ಸಣ್ಣವಳು ಮೋಕ್ಷಿತಾ, ಹತ್ತೊಂಬತ್ತು ವರ್ಷ, ಬೆರಳು ಸಿಗಡಿ ಹಾರಿದ ಹಾಗೆ. ಎಲ್ಲರಿಗಿಂತ ಮುದುಕಿ ನಾನು. ಸುಗುಣಳಿಗೆ ಮೂವತ್ತನಾಲ್ಕೋ ಐದೋ. ಮುಂಬೈಯಲ್ಲಿ ಬೆಳೆದವಳು. ಅಲ್ಲಿ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಸೇರಿ, ಬಿಲ್ಲು ಬರೆಯುತ್ತಲೇ ಹಿಂದಿನ ಮೇಜಿನವರ ಕೈ ನೋಡಿ ರಿಪೇರಿ ಕಲಿತವಳು. ಯಾರೂ ಅವಳಿಗೆ ಕಲಿಸಲಿಲ್ಲ.

ಆ ಗುರುವಾರ ಪರೀಕ್ಷಾ ಮಂಡಳಿಯವರು ಅವಳ ಕ್ಲಾಸನ್ನು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ನಮ್ಮ ಪರೀಕ್ಷೆ ಅಲ್ಲೇ, ಅವಳ ಮನೆಯಲ್ಲೇ. ಒಪ್ಪದಿದ್ದರೆ ಬ್ರಹ್ಮಾವರಕ್ಕೆ ಹೋಗಬೇಕು. ಬೆಳಿಗ್ಗೆ ಎಂಟಕ್ಕೆ ಬ್ರಹ್ಮಾವರ ಮುಟ್ಟಬೇಕಾದರೆ ನಮ್ಮಲ್ಲಿ ಆರೇಳು ಮಂದಿಯನ್ನು ಮನೆಯಿಂದ ಕಳಿಸುವುದೇ ಇಲ್ಲ ಎಂದು ಸುಗುಣಳಿಗೆ ಗೊತ್ತಿತ್ತು. ಆರು ತಿಂಗಳು ಕಲಿತದ್ದು ನೀರಿಗೆ. ಮಂಡಳಿಯವರ ಕಾಗದದಲ್ಲಿ ಎರಡು ಮಾತು ದಪ್ಪ ಅಕ್ಷರದಲ್ಲಿತ್ತು. ಮೂರು ಕಂಪ್ಯೂಟರ್ ಇರಬೇಕು, ಮೂರರಲ್ಲೂ ಪರವಾನಗಿ ಇರುವ ವಿಂಡೋಸ್ ಇರಬೇಕು.

ಎರಡು ಯಂತ್ರ ಕಂಪನಿಯಿಂದಲೇ ಬಂದವು, ಅವುಗಳದ್ದು ಏನೂ ತಕರಾರಿಲ್ಲ. ಮೂರನೆಯದು ಅವಳು ಕಟ್ಟಿದ್ದು. ಅದರ ಡಬ್ಬಿಯ ಬದಿಗೆ ಪರವಾನಗಿಯ ಸ್ಟಿಕ್ಕರ್ ಇತ್ತು. ಆರು ವರ್ಷದ ಹಿಂದೆ ಬೋರ್ಡಿನ ಜೊತೆಯಲ್ಲೇ ದುಡ್ಡು ಕೊಟ್ಟು ತಂದದ್ದು, ಬಿಲ್ಲೂ ಇತ್ತು. ಆದರೆ ಯಂತ್ರ ಮಾತ್ರ ಬಹಳ ನಿಧಾನ. ಕನ್ನಡ ಅಕ್ಷರ ಒತ್ತಿದರೆ ಪರದೆಗೆ ಬರುವಷ್ಟರಲ್ಲಿ ಒಂದು ಎಲೆ ಅಡಿಕೆ ಮಡಚಬಹುದು. ನೋಡಲು ಬರುವವರ ಎದುರು ಮರ್ಯಾದೆ ಹೋಗಬಾರದೆಂದು ಸೋಮವಾರ ಅವಳು ಕುಂದಾಪುರದಿಂದ ಹೊಸ ಬೋರ್ಡು ತಂದು ಹಾಕಿದಳು.

ಬೋರ್ಡು ಎಂದರೆ ಡಬ್ಬಿಯ ಒಳಗಿನ ದೊಡ್ಡ ಹಸಿರು ಹಲಗೆ. ಉಳಿದದ್ದೆಲ್ಲ ಅದಕ್ಕೇ ಸಿಕ್ಕಿಸುವುದು. ಅವಳು ಕೂತು ಬಿಚ್ಚುವುದು ನೋಡುವ ಹಾಗಿತ್ತು. ಮೂರು ತೆಂಗಿನ ಗೆರಟೆ ಇಟ್ಟುಕೊಂಡು ದೊಡ್ಡ ಸ್ಕ್ರೂ ಒಂದರಲ್ಲಿ, ಸಣ್ಣದು ಇನ್ನೊಂದರಲ್ಲಿ, ಎಲ್ಲಿಯದೆಂದು ಸಂಶಯ ಬಂದದ್ದು ಮೂರನೆಯದರಲ್ಲಿ. ಪ್ರತಿ ಸಲ ಮುಟ್ಟುವ ಮೊದಲು ಡಬ್ಬಿಯ ತಗಡಿಗೆ ಕೈ ತಾಗಿಸುತ್ತಿದ್ದಳು, ಹೊಸಿಲು ಮುಟ್ಟಿ ಒಳಗೆ ಹೋದ ಹಾಗೆ. ಮೈಯ ಕರೆಂಟು ಬೋರ್ಡಿಗೆ ಇಳಿಯಬಾರದಂತೆ. ತೆಗೆದ ಹಳೆ ಬೋರ್ಡನ್ನು ಬಿಸಾಡಲಿಲ್ಲ. ಧೂಳು ಒರೆಸಿ, ಹೊಸದು ಬಂದ ಚೀಲದೊಳಗೆ ಹಾಕಿ ಕಪಾಟಿನಲ್ಲಿ ಇಟ್ಟಳು.

ಯಂತ್ರ ಜಿಗಿದು ಎದ್ದಿತು. ಮೋಕ್ಷಿತಾ ಒಂದು ಪುಟ ಹೊಡೆದು, "ಸುಗುಣಕ್ಕ, ಇದ್ ಈಗ ನನ್ ಕೈಗಿಂತ ಮುಂದಿತ್ತ್" ಎಂದಳು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಚೌಕ ಬಂತು. ಯಂತ್ರದ ಭಾಗಗಳು ತುಂಬಾ ಬದಲಾಗಿವೆ, ಮೂರು ದಿನದೊಳಗೆ ವಿಂಡೋಸನ್ನು ಮತ್ತೆ ನೋಂದಾಯಿಸಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ ಎಂದು ಅದರ ಅರ್ಥ.

"ಹಿಂದೆ ಮೆಮೊರಿ ಬದ್ಲ್ ಮಾಡಿದ್ಯಲೆ. ಫ್ಯಾನ್ ಬದ್ಲ್ ಮಾಡಿದ್ಯಲೆ. ಆಗ ಎಂತೂ ಹೇಳ್ಲಿಲ್ಲ" ಎಂದೆ ನಾನು.

"ನಿಮ್ ದೋಣಿಗೆ ಎಂಜಿನ್ ಎಷ್ಟ್ ಸಲ ಬದ್ಲ್ ಮಾಡಿದ್ರಿ ಪದ್ದಕ್ಕ?"

"ಮೂರ್ ಸಲ. ಹಲಗೆಗೆ ಲೆಕ್ಕ ಇಲ್ಲೆ. ನಂಬರ್ ಅದೇ."

"ಅಡಿಯ ಉದ್ದ ಮರ?"

"ಅದನ್ನ್ ಬದ್ಲ್ ಮಾಡ್ರೆ ಅದ್ ಬೇರೆ ದೋಣಿಯೇ ಅಲ್ದಾ ಮಾರಾಯ್ತಿ."

"ಹಾಂಗೇ. ಬೋರ್ಡ್ ಅಂದ್ರೆ ಅಡಿ ಮರ. ನಾ ಯೋಚ್ನೆ ಮಾಡ್ಲಿಲ್ಲೆ" ಎಂದು ಅವಳು ಸ್ಟಿಕ್ಕರ್ ಮೇಲೆ ಹೆಬ್ಬೆರಳು ಆಡಿಸಿದಳು.

ಬೋರ್ಡು ಕೊಟ್ಟ ಯತೀಶನಿಗೆ ಫೋನು ಮಾಡಿದಳು. ಕುಂದಾಪುರದಲ್ಲಿ ಅವನದ್ದು ಸಣ್ಣ ಅಂಗಡಿ. ಒಳ್ಳೆಯ ಹುಡುಗ, ಕರೆದರೆ ಬರುತ್ತಾನೆ. ಅವನ ದನಿ ದೊಡ್ಡದು, ನನಗೂ ಕೇಳುತ್ತಿತ್ತು.

"ಸುಗುಣಕ್ಕ, ಇದಕ್ಕೆಲ್ಲ ಮಂಡೆಬಿಸಿ ಎಂತಕೆ? ನನ್ನತ್ರ ಸೀಡಿ ಇತ್ತ್. ಹತ್ತ್ ನಿಮಿಷದ ಕೆಲ್ಸ."

"ಕಳ್ಳ ಸೀಡಿ."

"ಸ್ಟಿಕ್ಕರ್ ಹೊರಗೆ ಹಾಂಗೇ ಇತ್ತಲೆ. ಒಳಗ್ ಯಾರ್ ಕಾಂತ್ರ್?"

"ಮೇಲೆ ದುಬಾರಿ ಅಂಜಲ್ ಇಟ್ಟ್, ಬುಟ್ಟಿ ಅಡಿಯಲ್ಲಿ ಅಗ್ಗದ ಬೂತಾಯಿ ತುಂಬ್ಸಿದಾಂಗೆ."

"ಅಡಿಗೆ ಕೈ ಹಾಕ್ದೆ ಯಾರೂ ಮೀನ್ ತಕಂತಿಲ್ಲೆ ಅನ್" ಎಂದು ನಾನು ಈಚೆಯಿಂದ ಹೇಳಿದೆ.

ಯತೀಶ ನಕ್ಕ. ಆಮೇಲೆ ಇನ್ನೊಂದು ದಾರಿ ಹೇಳಿದ. ಅವಳಲ್ಲಿ ಇರುವುದು ಬೋರ್ಡಿನ ಜೊತೆ ಕಡಿಮೆಗೆ ಸಿಗುವ ಪರವಾನಗಿ, ಅದು ಆ ಬೋರ್ಡಿಗೇ ಅಂಟಿದ್ದು. ಪೆಟ್ಟಿಗೆಯಲ್ಲಿ ಬರುವ ದುಬಾರಿಯದ್ದಾದರೆ ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದಿತ್ತು, ಆದರೆ ಅದು ಮಂಗಳೂರಿನಿಂದ ಬರಲು ವಾರ ಬೇಕು. ಈಗ ಉಳಿದದ್ದು ಕಂಪನಿಗೆ ಫೋನು ಮಾಡುವುದು. ಬೋರ್ಡು ಹಾಳಾಗಿ ಬದಲಿಸಿದ್ದಾದರೆ ಅವರು ಒಪ್ಪುತ್ತಾರೆ. ವೇಗ ಬೇಕೆಂದು ಬದಲಿಸಿದರೆ ಒಪ್ಪುವುದಿಲ್ಲ.

"ಕೇಂಡ್ರೆ ಸಿಡ್ಲಿಗೆ ಸುಟ್ ಹೋಯ್ತ್ ಅನ್ನಿ. ನಮ್ ಬದಿಯಲ್ಲಿ ಸಿಡ್ಲಿಗೆ ಸುಡದ್ದ್ ಎಂತ ಇತ್ತ್? ಹೋದ್ ವರ್ಷ ನಿಮ್ ಫೋನೇ ಸುಟ್ಟಿತ್ತಲೆ."

ಅದು ನಿಜ. ಹೋದ ವರ್ಷ ಹಿತ್ತಲ ತೆಂಗಿನ ಮರಕ್ಕೆ ಸಿಡಿಲು ಬಡಿದು ಅವಳ ಫೋನು ಕರಿದ ಬಾಳೆಕಾಯಿಯ ಹಾಗೆ ಆಗಿತ್ತು. ಸುಗುಣ "ಕಾಂಬ" ಎಂದು ಫೋನು ಇಟ್ಟಳು. ನಾನು ಮನಸ್ಸಿನಲ್ಲಿ, ಹಾಗೇ ಹೇಳು ಹೆಣ್ಣೇ ಎಂದುಕೊಂಡೆ. ಮುಚ್ಚಿಡುವುದೇಕೆ? ನನಗೂ ಬ್ರಹ್ಮಾವರ ಬಹಳ ದೂರವೇ.

ಮಂಗಳವಾರ ಫೋನು ಮಾಡಿದೆವು. ಫೋನು ಜಗಲಿಯಲ್ಲಿ, ಕಂಪ್ಯೂಟರ್ ಒಳಕೋಣೆಯಲ್ಲಿ, ವಯರು ಗಿಡ್ಡ. ಪರದೆಯಲ್ಲಿ ಐವತ್ತನಾಲ್ಕು ಅಂಕೆ, ಆರಾರರ ಒಂಬತ್ತು ಗುಂಪು. ಒಂದು ತಪ್ಪಿದರೆ ಮೊದಲಿನಿಂದ. "ನಿಮ್ ಅಕ್ಷರ ಗುಂಡಗೆ ಇತ್ತ್, ನೀವೇ ಬರೀನಿ" ಎಂದು ಸುಗುಣ ನನಗೆ ಕಾಗದ ಕೊಟ್ಟಳು. ರಾತ್ರಿ ಶಾಲೆಯಲ್ಲಿ ತಿದ್ದಿ ತಿದ್ದಿ ಕಲಿತ ಅಂಕೆಗಳು ಅವು. ಒಂದೊಂದೂ ಅಳೆದು ಬರೆದೆ, ಹೋಗಿ ತಾಳೆ ನೋಡಿದೆ, ಬಂದು ಓದಿದೆ. ಅವಳು ಫೋನಿನ ಗುಂಡಿ ಒತ್ತುತ್ತಾ ಹೋದಳು.

"ಲಾಭ, ಏಳು, ಎರಡು..."

"ಲಾಭ ಯಾವ ಗುಂಡಿ ಪದ್ದಕ್ಕ?"

ಮೀನು ಎಣಿಸುವಾಗ ನಾವು ಒಂದು ಎನ್ನುವುದಿಲ್ಲ, ಲಾಭ ಎಂದೇ ಶುರು. ನಾಲಿಗೆಗೆ ಕೂತುಬಿಟ್ಟಿದೆ. ಮೋಕ್ಷಿತಾ ಗೋಡೆ ಹಿಡಿದು ನಕ್ಕಳು. "ಕಂಪನಿಯವ್ರಿಗೆ ಒಂದ್ ಪಾಲು ಬಂಗಡೆಯೂ ಕೊಡಿ" ಎಂದಳು.

ಅಂಕೆಗಳನ್ನು ಫೋನಿನ ಯಂತ್ರ ಒಪ್ಪಲಿಲ್ಲ. ಮನುಷ್ಯನಿಗೆ ದಾಟಿಸಿತು. ಹಿಂದಿ ಮಾತಾಡುವವನು. ಸುಗುಣಳ ಹಿಂದಿ ಮುಂಬೈಯದ್ದು, ನೀರು ಹರಿದ ಹಾಗೆ. ನನಗೆ ತಿಳಿಯುವುದು ಅರ್ಧ, ಆದರೆ ಅವಳ ಮುಖ ನೋಡಿ ಉಳಿದದ್ದು ಗೊತ್ತಾಗುತ್ತಿತ್ತು. ಎಷ್ಟು ಯಂತ್ರಕ್ಕೆ ಹಾಕಿದ್ದೀರಿ ಎಂದ. ಒಂದಕ್ಕೆ ಎಂದಳು. ಏನು ಬದಲಿಸಿದಿರಿ ಎಂದ. ಮದರ್‌ಬೋರ್ಡ್ ಎಂದಳು. ಹಳೆಯದು ಹಾಳಾಗಿತ್ತೇ ಎಂದ.

ಸುಗುಣಳ ಕಣ್ಣು ಜಗಲಿಯಿಂದ ಒಳಗೆ, ಕಪಾಟಿನ ಕಡೆ ಹೋಯಿತು. ಮೋಕ್ಷಿತಾ ಕೈಯಿಂದ ಸಿಡಿಲು ಬೀಳುವ ಹಾಗೆ ಮಾಡಿ ತೋರಿಸಿದಳು.

"ಇಲ್ಲ. ಚೆನ್ನಾಗಿಯೇ ಇದೆ. ನಿಧಾನ ಅಂತ ತೆಗೆದೆ" ಎಂದಳು ಸುಗುಣ.

ಅವನು ಒಳ್ಳೆಯ ಮಾತಿನಲ್ಲೇ ಹೇಳಿದ. ಹಾಗಾದರೆ ಪರವಾನಗಿ ಹಳೆ ಬೋರ್ಡಿನದ್ದು, ಹೊಸದಕ್ಕೆ ಕೊಡಲಾಗುವುದಿಲ್ಲ. ಅವಳು ಅವನಿಗೆ ಧನ್ಯವಾದ ಹೇಳಿ ಫೋನು ಇಟ್ಟಳು.

ಮೋಕ್ಷಿತಾಗೆ ಸಿಟ್ಟು ಬಂದಿತ್ತು. "ಒಂದ್ ಮಾತ್ ಸುಗುಣಕ್ಕ. ಅಂವ ಇಲ್ಲಿಗ್ ಬಂದ್ ಕಾಂತಿದ್ನಾ?"

"ಕಾಂತಿರ್ಲಿಲ್ಲ" ಎಂದಳು ಸುಗುಣ. "ಆರ್ ವರ್ಷ ದುಡಿದದ್ದ್ ಅದ್. ಇವತ್ತ್ ಡಬ್ಬಿಗೆ ಸಿಕ್ಕಿಸ್ರೆ ಇವತ್ತೂ ದುಡೀತ್ತ್. ಬದ್ಕಿದ್ದದನ್ನ ಸತ್ತಿತ್ ಅಂಬುಕೆ ಬಾಯಿ ಬರ್ಲಿಲ್ಲೆ."

ಕಡಲಿಗೆ ಹೋದ ದೋಣಿ ಎರಡು ದಿನ ತಡವಾದರೂ ದಡದಲ್ಲಿ ನಿಂತ ನಾವು 'ಹೋಯ್ತು' ಎಂಬ ಮಾತು ಆಡುವವರಲ್ಲ. ಯಾರಾದರೂ ಆಡಿದರೆ ಅವರ ಬಾಯಿಗೆ ಕೈ ಅಡ್ಡ ಹಿಡಿಯುತ್ತೇವೆ. ಇಷ್ಟು ವರ್ಷ ಹಾಗೆ ಕೈ ಹಿಡಿದ ನಾನೇ ನಿನ್ನೆಯಿಂದ, ಹಾಗೇ ಹೇಳು ಎಂದು ಮನಸ್ಸಿನಲ್ಲಿ ನೂಕುತ್ತಿದ್ದೆ. ಮುಂಬೈಯಲ್ಲಿ ಬೆಳೆದ ಹುಡುಗಿಗೆ ಆ ಮಾತು ನಾಲಿಗೆಗೆ ಬರಲಿಲ್ಲ.

ಬುಧವಾರ ಅವಳು ಗೆರಟೆಗಳನ್ನು ಮತ್ತೆ ಸಾಲಾಗಿ ಇಟ್ಟಳು. ಹೊಸ ಬೋರ್ಡು ಚೀಲಕ್ಕೆ, ಹಳೆಯದು ಡಬ್ಬಿಗೆ. ಮುಖ ಗಂಟಿಕ್ಕಲಿಲ್ಲ. ಬಿಳಿ ಮುಲಾಮಿನಂಥದ್ದನ್ನು ಸಾಸಿವೆಯಷ್ಟು ಹಚ್ಚಿ ಫ್ಯಾನು ಕೂರಿಸುವಾಗ ಸೋಮವಾರ ಇದ್ದಷ್ಟೇ ಪ್ರೀತಿ ಬೆರಳಲ್ಲಿತ್ತು. ಹಳೆ ಬೋರ್ಡು ಬಂದರೂ ಚೌಕ ಹೋಗಿರಲಿಲ್ಲ. ನಾನು ಮತ್ತೆ ಅಂಕೆ ಬರೆದೆ, ಮತ್ತೆ ಓದಿದೆ, ಈ ಸಲ ಒಂದು ಎಂದೇ ಓದಿದೆ. ಫೋನಿನ ಯಂತ್ರ ಗೊಣಗದೆ ಒಪ್ಪಿಕೊಂಡು ತಾನೂ ನಲವತ್ತೆರಡು ಅಂಕೆ ಹೇಳಿತು. ಬರೆದುಕೊಂಡು ಒಳಗೆ ಹೋಗಿ ಒತ್ತಿದೆವು. ಚೌಕ ಹೋಯಿತು.

ಗುರುವಾರ ಹತ್ತು ಗಂಟೆಗೆ ಮಂಡಳಿಯಿಂದ ಒಬ್ಬರೇ ಬಂದರು. ತೆಳ್ಳಗಿನ ಮನುಷ್ಯ, ಶರ್ಟಿನ ಕಿಸೆಯಲ್ಲಿ ಎರಡು ಕನ್ನಡಕ. ಸ್ಟಿಕ್ಕರ್ ನೋಡಿದರು, ಬಿಲ್ಲು ನೋಡಿದರು, ಪರದೆಯಲ್ಲಿ ಒಳಗೆ ಹೋಗಿ ಅದನ್ನೂ ತಾಳೆ ನೋಡಿದರು. ಆಮೇಲೆ, "ಮೂರರಲ್ಲೂ ಒಬ್ಬೊಬ್ಬರು ಕೂತು ಒಂದು ಪುಟ ಟೈಪ್ ಮಾಡಿ. ಹತ್ತು ನಿಮಿಷ. ಪರೀಕ್ಷೆ ಮಾಡುವ ಯಂತ್ರ ಅಷ್ಟು ತಾಳಬೇಕು" ಎಂದರು.

ಇದು ಕಾಗದದಲ್ಲಿ ಇರಲಿಲ್ಲ. ಸುಗುಣ ನಮ್ಮತ್ತ ತಿರುಗಿದಳು. ಮೋಕ್ಷಿತಾ ಮೆಲ್ಲಗೆ, "ನಂಗೆ ಆ ಮೂರನೇದ್ ಬೇಡ. ಅಕ್ಷರ ಕಾಣ್ದಿದ್ರೆ ಮತ್ತೊಂದ್ ಸಲ ಒತ್ತತೆ, ಆಮೇಲೆ ಎರಡೆರಡ್ ಬತ್ತ್" ಎಂದಳು. ನಿಜವೇ. ಬೆರಳು ಚುರುಕಾದವರೆಲ್ಲ ಆ ಯಂತ್ರದಲ್ಲಿ ಸೋಲುತ್ತಿದ್ದರು.

"ನಾ ಕೂಕಂತೆ" ಎಂದೆ.

"ಪದ್ದಕ್ಕ, ಹತ್ತ್ ನಿಮಿಷದಲ್ಲಿ ನಿಮ್ಗೆ ಪುಟ ಮುಗ್ದದ್ದ್ ಎರಡೇ ಸಲ" ಎಂದಳು ಸುಗುಣ, ಅವರಿಗೆ ಕೇಳದ ಹಾಗೆ.

"ಮೂರನೇ ಸಲ ಆತ್ತ್."

ಕೂತೆ. ಪರದೆಯನ್ನು ನೋಡುವುದಿಲ್ಲ ಎಂದು ಮೊದಲೇ ನಿಶ್ಚಯ ಮಾಡಿಕೊಂಡಿದ್ದೆ. ಬಲೆ ಬೀಸಿದವರು ಮತ್ತೆ ಮತ್ತೆ ಎತ್ತಿ ನೋಡುವುದಿಲ್ಲ. ಕಣ್ಣು ಕಾಗದದ ಮೇಲೆ, ಬೆರಳು ಗುಂಡಿಯ ಮೇಲೆ. ಒಂದು ಅಕ್ಷರಕ್ಕೆ ಒಂದೇ ಸಲ ಒತ್ತಿದೆ. ಬಂತೋ ಇಲ್ಲವೋ ಅದರ ಕೆಲಸ, ಆರು ವರ್ಷ ಮಾಡಿದ್ದನ್ನು ಇವತ್ತೂ ಮಾಡುತ್ತದೆ. ಪಕ್ಕದಲ್ಲಿ ಮೋಕ್ಷಿತಾ ಮುಗಿಸಿ ಬೆರಳು ಮುರಿದುಕೊಂಡದ್ದು ಕೇಳಿತು. ನಾನು ಕೊನೆಯ ಪ್ಯಾರಾದಲ್ಲಿದ್ದೆ. ಕೊನೆಯ ಚುಕ್ಕೆ ಒತ್ತಿ ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟೆ.

"ಸಮಯ ಆಯಿತು" ಎಂದರು ಅವರು. ನನ್ನ ಪರದೆ ನೋಡಿ, "ಇವರದ್ದು ಎರಡು ಸಾಲು ಬಾಕಿ" ಎಂದರು.

"ಇಲ್ಲ ಸಾರ್. ಅವರ ಕೈ ಎತ್ತಿ ಆಯಿತು. ಅಕ್ಷರ ಬರುತ್ತಾ ಇದೆ" ಎಂದಳು ಸುಗುಣ.

ಅವರು ಕನ್ನಡಕ ಬದಲಿಸಿ ಬಗ್ಗಿದರು. ನಾವೆಲ್ಲರೂ ನೋಡಿದೆವು. ನನ್ನ ಕೈ ಮಡಿಲಲ್ಲಿ, ಪರದೆಯ ಮೇಲೆ ಅಕ್ಷರಗಳು ಒಂದರ ಹಿಂದೆ ಒಂದು, ಸಂತೆಯಿಂದ ತಡವಾಗಿ ಮನೆಗೆ ಬರುವ ಹೆಂಗಸರ ಹಾಗೆ, ಅವಸರವಿಲ್ಲದೆ ಬಂದವು. ಒಂದು ಸಾಲು ತುಂಬಿತು. ಇನ್ನೊಂದು ತುಂಬಿತು. ಕೊನೆಗೆ ಚುಕ್ಕೆ.

ಅವರು ತಪ್ಪು ಎಣಿಸಿದರು. ಮೂರು. ಮೋಕ್ಷಿತಾಳದ್ದು ಐದು.

"ಇಷ್ಟು ನಿಧಾನದ್ದು ಯಾಕೆ ಇಟ್ಟುಕೊಂಡಿದ್ದೀರಿ?" ಎಂದು ಕೇಳಿದರು. ಸುಗುಣ ಕಪಾಟು ತೆಗೆದು ಚೀಲದಲ್ಲಿದ್ದ ಹೊಸ ಬೋರ್ಡು ತೋರಿಸಿದಳು, ನಡೆದದ್ದು ಹೇಳಿದಳು. ಪೆಟ್ಟಿಗೆಯ ಪರವಾನಗಿ ಮಂಗಳೂರಿನಿಂದ ಬಂದ ಮೇಲೆ ಇದರಿಂದ ನಾಲ್ಕನೇ ಯಂತ್ರ ಕಟ್ಟುತ್ತೇನೆ ಎಂದಳು.

ಅವರಿಗೆ ನಗು ಬಂತು. "ಹಳೆಯದು ಸುಟ್ಟುಹೋಯಿತು ಅಂದಿದ್ದರೆ ಫೋನಲ್ಲೇ ಮುಗಿಯುತ್ತಿತ್ತಲ್ಲ?"

"ಸುಟ್ಟುಹೋಗಿದ್ದರೆ ಇವತ್ತು ಇವರು ಟೈಪ್ ಮಾಡಿದ್ದು ಯಾವುದರಲ್ಲಿ ಸಾರ್?" ಎಂದಳು ಸುಗುಣ.

ಅವರು ಮೇಜಿಗೆ ಹೋಗಿ ಕಾಗದ ಬಿಡಿಸಿದರು. ರುಜು ಮಾಡುವ ಪೆನ್ನಿನ ಸದ್ದು ನಮಗೆಲ್ಲರಿಗೂ ಕೇಳಿತು. ನಾನು ಇನ್ನೂ ಆ ಯಂತ್ರದ ಎದುರೇ ಕೂತಿದ್ದೆ, ಏಳಲು ಮನಸ್ಸಾಗಲಿಲ್ಲ.

"ಏಳಿ ಪದ್ದಕ್ಕ, ಪರೀಕ್ಷೆ ಇಲ್ಲೇ ಅಂತ ಆಯ್ತಲೆ" ಎಂದಳು ಮೋಕ್ಷಿತಾ. "ಚುಕ್ಕಿಯೂ ಬಂತ್. ಇನ್ನ್ ಎಂತ ಬಪ್ಪುಕಿತ್ತ್?"