ಎರಡು ಕಾಲಿನ ಕುರ್ಚಿ

ನಾನು ಬಡಗಿ. ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವವನು ನನ್ನ ಭಾವಮೈದ. ಜನ ಇಂಟರ್ನೆಟ್ಟಿನಲ್ಲಿ ಏನೇನು ಹುಡುಕುತ್ತಾರೆಂದು ಲೆಕ್ಕ ಕೊಡುವ ಪುಕ್ಕಟೆ ಸೈಟೊಂದು ಅವನ ಕಣ್ಣಿಗೆ ಬಿತ್ತು.

"ಭಾವಾ, 'ಎರಡು ಕಾಲಿನ ಕುರ್ಚಿ' ಅಂತ ತಿಂಗಳಿಗೆ ನಾನೂರೈವತ್ತು ಸಲ ಹುಡುಕ್ತಾರಂತೆ!"

"ಎರಡು ಕಾಲಲ್ಲಿ ಅದು ನಿಲ್ಲುತ್ತೇನೋ?"

"ನಾವು ನಿಂತಿಲ್ವಾ?"

ಈ ಮಾತಿಗೆ ಮರುಳಾದ ನನ್ನ ಬುದ್ಧಿಗಿಷ್ಟು. ನಲವತ್ತು ಕುರ್ಚಿ ಮಾಡಿ ಗೋಡೆಗೆ ಒರಗಿಸಿಟ್ಟೆ. ಒಂದೂ ಹೋಗಲಿಲ್ಲ. ನಮ್ಮ ಅಂಗಡಿಯ ಹೆಸರು ಪಟ್ಟಿಯಲ್ಲಿ ಮೇಲೆ ಬಂತೇ ಎಂದು ಭಾವಮೈದ ದಿನಕ್ಕೆ ಹದಿನೈದು ಸಲ 'ಎರಡು ಕಾಲಿನ ಕುರ್ಚಿ' ಅಂತಲೇ ಹುಡುಕಿ ನೋಡುತ್ತಿದ್ದ. ತಿಂಗಳಾಗುವಷ್ಟರಲ್ಲಿ ಸೈಟಿನ ಲೆಕ್ಕ ಒಂಬೈನೂರಕ್ಕೇರಿತು.

ಅಜ್ಜಿಯೊಬ್ಬರು ಬಂದು ನಾಲ್ಕು ಕಾಲಿನ ಕುರ್ಚಿ ಕೇಳಿದರು. ಭಾವಮೈದ ಫೋನು ನೋಡಿ, "ಅದನ್ನ ಕೇಳೋರೇ ಇಲ್ಲ ಅಜ್ಜಿ, ಸೊನ್ನೆ ತೋರಿಸ್ತಿದೆ" ಎಂದ.

"ನಾನು ಕೇಳ್ತಿಲ್ವೇನಪ್ಪಾ?"

"ನೀವು ಲೆಕ್ಕದಲ್ಲಿಲ್ಲ."

ಅಜ್ಜಿ ಹೊರಟುಹೋದರು.

ಮರುದಿನ ಒಬ್ಬ ಏದುಸಿರು ಬಿಡುತ್ತ ಬಂದ. "ಎರಡು ಕಾಲಿನ ಕುರ್ಚಿ ಇರೋದು ಇಲ್ಲೇನಾ?"

ಭಾವಮೈದ ಹಿಗ್ಗಿ ಹೀರೇಕಾಯಿಯಾದ. "ಎಷ್ಟು ಬೇಕು ಸಾರ್?"

"ಬೇಡ. ನಾನೂ ಬಡಗಿನೇ. ಅರವತ್ತು ಮಾಡಿಟ್ಕೊಂಡಿದ್ದೀನಿ. ಯಾರಾದ್ರೂ ಕೊಳ್ಳೋರು ಸಿಗ್ತಾರಾ ಅಂತ ದಿನಾ ಹುಡುಕ್ತಾ ಇದ್ದೆ, ನಿಮ್ಮಂಗಡಿ ಸಿಕ್ತು."

"ದಿನಕ್ಕೆ ಎಷ್ಟು ಸಲ ಹುಡುಕ್ತೀರಿ?" ಎಂದು ಕೇಳಿದೆ.

"ಒಂದು ಹದಿನೈದು ಸಲ."

ಭಾವಮೈದ ಮೆಲ್ಲಗೆ ಫೋನನ್ನು ಜೇಬಿಗಿಳಿಸಿದ. ಬಂದವನು ಸುಸ್ತಾಗಿ, ಕೂರಲು ಏನಾದರೂ ಇದೆಯೇ ಎಂದು ಸುತ್ತಲೂ ನೋಡಿದ. ನಲವತ್ತು ಕುರ್ಚಿಗಳ ನಡುವೆ ನಾವು ಮೂವರೂ ನಿಂತೇ ಇದ್ದೆವು.