ದೊಡ್ಡಸೌಟಿನ ಮನೆಯೂಟ

ಉಕ್ಕಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನಾಗಿದ್ದ ಅವನನ್ನು ಎಲ್ಲರೂ ದೊಡ್ಡಸೌಟು ಎಂದೇ ಕರೆಯುತ್ತಿದ್ದರು. ಮೈಕೈಯೂ ಹಾಗೇ ಇತ್ತು, ಮಾತೂ ಹಾಗೇ. ಅವನು ನಿವೃತ್ತನಾದ ವಾರವೇ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಹೀಗೆ ದೊಡ್ಡಸೌಟು ಮದುವೆಯಾದ ಮೇಲೆ ಮೊದಲ ಸಲ ಸ್ವಂತ ಅಡುಗೆಮನೆಗೆ ಕಾಲಿಟ್ಟ.

ಕೈ ಮುರಿದದ್ದಕ್ಕಿಂತ ಅವಳ ಹೊಟ್ಟೆಗೆ ಏನೂ ಇಳಿಯದೇ ಇದ್ದದ್ದು ಅವನನ್ನು ಹೆಚ್ಚು ಕಂಗೆಡಿಸಿತ್ತು. ಎರಡು ತುತ್ತು ತಿಂದು ತಟ್ಟೆ ಸರಿಸುವಳು, ನೀರು ಕುಡಿಯುವಳು. ಅಷ್ಟೇ. ಆ ಬೆಳಿಗ್ಗೆ ಡಾಕ್ಟರು, "ಹೀಗೇ ಆದ್ರೆ ಆಸ್ಪತ್ರೆಗೆ ಸೇರಿಸ್ಕೋಬೇಕಾಗುತ್ತೆ," ಎಂದು ಖಡಾಖಂಡಿತವಾಗಿ ಹೇಳಿದ್ದರು. ಊರಿಗೆಲ್ಲ ಉಣಬಡಿಸಿದವನ ಹೆಂಡತಿ ಊಟವಿಲ್ಲದೆ ಆಸ್ಪತ್ರೆ ಸೇರುವುದೇ? ಅವನಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು. ಭಯವೇ ಹೆಚ್ಚು.

ಇವತ್ತು ಏನಾದರಾಗಲಿ, ಅವಳು ತಟ್ಟೆ ಖಾಲಿ ಮಾಡಬೇಕು ಎಂದುಕೊಂಡು ಪೇಟೆಯಿಂದ ಎಳೆಯ ಕೋಳಿ ತಂದ. ಇಬ್ಬರಿಗೆ ಒಂದು ಕೋಳಿ ಎಂದಾಗ ಅಂಗಡಿಯವನ ಮುಂದೆ ಅವನ ಬಾಯಿ ತೊದಲಿತ್ತು; ಇಷ್ಟು ವರ್ಷ ಅವನು ಕ್ಯಾಂಟೀನಿಗೆ ಕೋಳಿ ಕೊಂಡದ್ದು ಬುಟ್ಟಿ ಲೆಕ್ಕದಲ್ಲಿ. ಈರುಳ್ಳಿ ಕೆಂಪಗೆ ಹುರಿದು, ತುಂಡುಗಳನ್ನು ಹಾಕಿ, ಕರಿಮೆಣಸು ಕುಟ್ಟಿ ಉದುರಿಸಿ ಮುಚ್ಚಿಟ್ಟ. ಪಕ್ಕದ ಒಲೆಯಲ್ಲಿ ಬೀನ್ಸ್, ಕ್ಯಾರೆಟ್ ಬೇಯಿಸಿ ಬೆಣ್ಣೆಯಲ್ಲಿ ಹೊರಳಿಸಿದ. ಆಲೂಗಡ್ಡೆ ಸುಲಿದು ಹಿಸುಕಿದ. ಎಲ್ಲಕ್ಕೂ ಕೈಯಳತೆಯಲ್ಲೇ ಉಪ್ಪು ಹಾಕಿ, ರುಚಿ ನೋಡಿ ತಲೆದೂಗಿದ. ಅವನ ಪ್ರಕಾರ ಎಲ್ಲ ಹದವಾಗಿತ್ತು.

ತಟ್ಟೆ ತಂದು ಅವಳ ಮುಂದಿಟ್ಟು, ಎಂದಿನಂತೆ ಅಡುಗೆಮನೆ ಬಾಗಿಲಲ್ಲಿ ನಿಂತ. ಅವಳು ಎಡಗೈಯಲ್ಲಿ ಚಮಚ ಹಿಡಿದು ಒಂದು ತುಂಡು ತಿಂದಳು. ಆಲೂಗಡ್ಡೆ ಸ್ವಲ್ಪ ತಿಂದಳು. ಚಮಚ ಕೆಳಗಿಟ್ಟಳು.

"ಸಾಕು ರೀ."

ಅವನಿಗೆ ರೇಗಿಹೋಯಿತು. "ಸಾಕಂತೆ ಸಾಕು! ನನ್ನ ಕೈಯಡುಗೆ ಅಷ್ಟು ಕೆಟ್ಟದಾಗಿದೆಯಾ? ಏನು ಕಮ್ಮಿ ಆಗಿದೆ ಹೇಳೇ, ಬಾಯಿ ಬಿಟ್ಟು ಹೇಳು!"

"ಕಮ್ಮಿ ಏನೂ ಇಲ್ಲ. ಉಪ್ಪು ಜಾಸ್ತಿ."

"ಏನಂದೆ? ಕ್ಯಾಂಟೀನಲ್ಲಿ ಒಂದು ದಿನಾನಾದ್ರೂ ಒಬ್ಬ ಹಾಗಂದಿದ್ರೆ ಕೇಳು!"

"ಅವ್ರು ಕಾರ್ಖಾನೆ ಬೆಂಕಿ ಮುಂದೆ ಬೆವರು ಸುರಿಸಿ ಬರ್ತಿದ್ರು, ಅವ್ರಿಗೆ ಬೇಕಿತ್ತು. ನಿಮಗೂ ಅದೇ ರೂಢಿಯಾಗಿದೆ. ನಾನು ಮಂಚದ ಮೇಲೆ ಬಿದ್ಕೊಂಡಿದ್ದೀನಿ, ನಂಗ್ಯಾಕೆ ಅಷ್ಟೊಂದು?"

ಅವನ ಮುಖ ಹುಳ್ಳಗಾಯಿತು. "ಇಷ್ಟು ದಿನ ಹೇಳೋಕೇನಾಗಿತ್ತು?"

"ಜೊತೆಗೆ ಕೂತಿದ್ರೆ ಹೇಳ್ತಿದ್ದೆ. ತಟ್ಟೆ ಇಟ್ಟು ಅಲ್ಲಿ ಹೋಗಿ ನಿಂತ್ಕೋತೀರಿ. ಬಡಿಸೋರ ಹತ್ರ ಹೇಗೆ ಹೇಳೋದು?" ಅವಳು ಮುಂದುವರಿಸಿದಳು. "ನಾನೂ ಇಷ್ಟು ವರ್ಷ ಈ ಮನೇಲಿ ಅಡುಗೆ ಮಾಡ್ದೆ. ನೀವು ಕ್ಯಾಂಟೀನಲ್ಲೇ ಉಂಡು ಬರ್ತಿದ್ರಿ. ಚೆನ್ನಾಗಿದೆ ಅಂತಾಗ್ಲಿ, ಚೆನ್ನಾಗಿಲ್ಲ ಅಂತಾಗ್ಲಿ, ನಂಗೆ ಒಬ್ರೂ ಹೇಳಿದ್ದಿಲ್ಲ."

ದೊಡ್ಡಸೌಟು ಅವಳ ಅಡುಗೆ ಹೇಗಿರುತ್ತಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

ತಟ್ಟೆ ಎತ್ತಿಕೊಂಡು ಒಳಗೆ ಹೋದ. ಪಾತ್ರೆಯ ಗಟ್ಟಿ ರಸವನ್ನೆಲ್ಲ ಬಸಿದು, ತುಂಡುಗಳನ್ನು ಬಿಸಿನೀರಲ್ಲಿ ಆಡಿಸಿ, ಹೊಸದಾಗಿ ಈರುಳ್ಳಿ ಹೆಚ್ಚಿದ. ಕ್ಯಾಂಟೀನಿನವರು ಕಂಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ತರಕಾರಿಯನ್ನೂ ಮತ್ತೆ ಬೇಯಿಸಿ ಅವಳನ್ನು ಕೂಗಿದ.

"ಬಾ ಇಲ್ಲಿ. ಉಪ್ಪು ನೀನೇ ಹಾಕು."

ಅವಳು ಬಂದು ಎಡಗೈಯ ಬೆರಳ ತುದಿಯಲ್ಲಿ ಒಂದಿಷ್ಟು ಉದುರಿಸಿದಳು. ಇಷ್ಟೇನಾ ಎಂದು ಕೇಳಬೇಕೆನಿಸಿದರೂ ಅವನು ಸೌಟಾಡಿಸಿ ಪಾತ್ರೆ ಇಳಿಸಿದ.

ಈ ಸಲ ಎರಡು ತಟ್ಟೆ ಹಾಕಿ ಎದುರಿಗೇ ಕೂತ. ಅವಳು ತಿಂದಳು, ಮತ್ತೆ ತಿಂದಳು. ಅವನ ಕೈ ನಿಂತದ್ದು ಕಂಡು ತಲೆಯೆತ್ತಿದಳು.

"ಹೇಗಿದೆ ರೀ?"

ಹೊಗಳಿಬಿಡೋಣ ಎಂದುಕೊಂಡ. ಆದರೆ ಅವಳು ನಿಜವಾಗಿಯೂ ತಿಳಿಯಬೇಕೆಂದೇ ಕೇಳುತ್ತಿದ್ದಳು.

"ಸಪ್ಪೆ," ಎಂದ. "ಹುಲ್ಲು ತಿಂದ ಹಾಗಿದೆ ಕಣೇ."

ಅವಳ ಮುಖ ಅರಳಿತು. ಬಿದ್ದ ದಿನದಿಂದ ಅವಳು ಹೀಗೆ ನಕ್ಕಿರಲಿಲ್ಲ. ತಟ್ಟೆ ಮುಂದೆ ಚಾಚಿ, "ನಂಗೆ ಇನ್ನೊಂದು ತುಂಡು ಹಾಕಿ," ಎಂದಳು.