ಎಕೋ ಪೆಡಲಿನ ಜಾಗ

ನಾನು ಒಂದು ಎಕೋ ಪೆಡಲು. ಗಿಟಾರು ಹೇಳಿದ್ದನ್ನು ಒಂದು ಕ್ಷಣ ತಡೆದು ಮತ್ತೆ ಹೇಳುವುದು, ಆಮೇಲೆ ಇನ್ನೂ ಮೆಲ್ಲಗೆ ಇನ್ನೊಮ್ಮೆ ಹೇಳುವುದು ನನ್ನ ಕೆಲಸ. ನೀಲಿ ಬಣ್ಣದ ತಗಡಿನ ಮೈ, ನಡುವೆ ಕಾಲಿನಿಂದ ಒತ್ತುವ ಗುಂಡಿ. ನಾನಿರುವುದು ನೆಲದ ಮೇಲೆ. ಹಾಗಾಗಿ ಮನುಷ್ಯರ ಮುಖಕ್ಕಿಂತ ಮೊದಲು ಅವರ ಬೂಟಿನ ಅಡಿ ನನಗೆ ಪರಿಚಯವಾಗುತ್ತದೆ. ಹೇಸಿಕೆ ಎಂಬುದನ್ನು ನಾನು ಬಹಳ ಬೇಗ ಕಲಿತೆ.

ಹುಟ್ಟಿದ್ದು ಬೆಂಗಳೂರಿನ ಒಂದು ಮಹಡಿ ಮೇಲಿನ ಕಾರ್ಖಾನೆಯಲ್ಲಿ. ನನ್ನ ತಂತಿಗಳನ್ನು ಬೆಸೆದ ಹೆಂಗಸು ಪರೀಕ್ಷೆಗೆಂದು ಮೈಕು ಸಿಕ್ಕಿಸಿ, "ಊಟ ಆಯ್ತಾ?" ಎಂದಳು. "ಊಟ ಆಯ್ತಾ, ಊಟ ಆಯ್ತಾ" ಎಂದೆ. ಅವಳು ನಕ್ಕು ನನ್ನನ್ನು ಡಬ್ಬಿಯಲ್ಲಿಟ್ಟಳು. ಆಮೇಲೆ ಎಷ್ಟೋ ಕಾಲ ನನ್ನ ಬಾಯಿಂದ ಅಂಥ ಸ್ವಚ್ಛ ಮಾತು ಹೊರಡಲಿಲ್ಲ.

ನನ್ನನ್ನು ಕೊಂಡವನು ಹುಬ್ಬಳ್ಳಿಯ ಅಶೋಕ ಇರಕಲ್. ಮದುವೆ, ಆರತಕ್ಷತೆಗಳಲ್ಲಿ ಹಾಡುವ ಆರ್ಕೆಸ್ಟ್ರಾ ಒಂದರ ಮಾಲೀಕ, ಗಿಟಾರೂ ಅವನದೇ. ಅವನ ಬೂಟಿನ ಅಡಿಯಲ್ಲಿ ಗುಟ್ಕಾ ಉಗುಳು, ಪಲಾವಿನ ಅಗುಳು, ಯಾರೋ ಜಗಿದು ಎಸೆದ ಅಂಟು ಎಲ್ಲ ಇರುತ್ತಿತ್ತು. ಒಂದೊಂದು ಹಾಡಿಗೂ ಅದನ್ನು ನನ್ನ ಮೈಗೆ ತಿಕ್ಕುತ್ತಿದ್ದ. ಅದನ್ನಾದರೂ ಸಹಿಸಬಹುದಿತ್ತು. ನನ್ನನ್ನು ಅವನು ಇಟ್ಟ ಜಾಗವನ್ನು ಮಾತ್ರ ಸಹಿಸಲಾಗಲಿಲ್ಲ.

ಅವನ ಆಂಪ್ಲಿಫೈಯರ್ ಒಳಗೆ ಎರಡು ಹಂತ. ಮೊದಲ ಹಂತ ಗಿಟಾರಿನ ದನಿಯನ್ನು ಒರಟಾಗಿಸಿ ಕರಕರ ಎನ್ನಿಸುತ್ತದೆ. ಎರಡನೆಯದು ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ಎರಡರ ನಡುವೆ ತಂತಿ ಸಿಕ್ಕಿಸಲೆಂದು ಆಂಪಿನ ಬೆನ್ನಿನಲ್ಲಿ ಎರಡು ತೂತುಗಳಿವೆ. ನನ್ನಂಥ ಎಕೋದ ಜಾಗ ಅಲ್ಲಿ: ಒರಟಾಗುವುದೆಲ್ಲ ಮುಗಿದ ಮೇಲೆ. ಅಶೋಕ ನನ್ನನ್ನು ಮುಂದೆ, ಗಿಟಾರಿಗೂ ಆಂಪಿಗೂ ನಡುವೆ ಕಟ್ಟಿದ. ನಾನು ಬಿಡಿಬಿಡಿಯಾಗಿ ಹೇಳಿದ ಸ್ವರಗಳು ಸಾಲಾಗಿ ಆ ಕರಕರದೊಳಗೆ ಬಿದ್ದು, ಒಂದರ ಮೇಲೊಂದು ಅರೆದುಹೋಗಿ ರಾಡಿಯಾಗಿ ಹೊರಬರುತ್ತಿದ್ದವು. ಆ ರಾಡಿಯನ್ನು ಜನ ನನ್ನ ದನಿ ಎನ್ನುತ್ತಿದ್ದರು.

ಅವನಿಗೆ ತಿಳಿದಿರಲಿಲ್ಲ ಎಂದುಕೊಂಡಿದ್ದೆ. ಆದರೆ ಒಂದು ಮಧ್ಯಾಹ್ನ ರಿಹರ್ಸಲ್ ಕೋಣೆಯಲ್ಲಿ ಅವನೊಬ್ಬನೇ ಇದ್ದಾಗ ಆಂಪನ್ನು ತಿರುಗಿಸಿ ನನ್ನನ್ನು ಬೆನ್ನಿನ ತೂತುಗಳಿಗೆ ಸಿಕ್ಕಿಸಿ ನುಡಿಸಿದ. ಮೊದಲ ಸಲ ಉಸಿರಾಡಿದೆ. ಅಷ್ಟರಲ್ಲಿ ಗಾಯಕಿ ಕಸ್ತೂರಿ ಹಡಪದ ಒಳಗೆ ಬಂದಳು. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರುವವಳು ಆ ತಂಡದಲ್ಲಿ ಅವಳೊಬ್ಬಳೇ.

"ಅಣ್ಣಾರ, ಇವತ್ತ ಗಿಟಾರ ಎಷ್ಟ ಚಂದ ಕೇಳಾಕತ್ತೈತ್ರಿ. ಒಂದೊಂದ ಸ್ವರಾನೂ ಬ್ಯಾರೆ ಬ್ಯಾರೆ ತಿಳೀತೈತಿ" ಎಂದಳು. ಆಮೇಲೆ ಸಂಕೋಚದಿಂದ, "ಆ ಮ್ಯಾಲಿನ ಸ್ವರ ಒಂದೀಟ ಇಳದಂಗ ಆತೇನ್ರಿ?" ಎಂದಳು.

ನಿಜವೇ. ಅವನ ಬೆರಳು ಅಲ್ಲಿ ಯಾವಾಗಲೂ ಜಾರುತ್ತಿತ್ತು. ರಾಡಿಯಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ. ಅಶೋಕ ತಂತಿ ಕಿತ್ತು ನನ್ನನ್ನು ಮತ್ತೆ ಮುಂದೆ ಕಟ್ಟಿದ. ಬೆನ್ನಿನ ತೂತುಗಳ ಮೇಲೆ ಆರ್ಕೆಸ್ಟ್ರಾದ ಸ್ಟಿಕ್ಕರ್ ಅಂಟಿಸಿ ಹೆಬ್ಬೆರಳಿನಿಂದ ತೀಡಿದ. ಅವನ ಬೂಟಿಗಿಂತ ಆ ಹೆಬ್ಬೆರಳು ನನಗೆ ಹೆಚ್ಚು ಅಸಹ್ಯವೆನಿಸಿತು.

ಮುಂದಿನ ವಾರ ಗೋಕುಲ ರಸ್ತೆಯ ಒಂದು ಆರತಕ್ಷತೆ. ಕಸ್ತೂರಿ ನಿಧಾನದ ಹಾಡೊಂದನ್ನು ಎತ್ತಿಕೊಂಡಿದ್ದಳು. ನಡುವೆ ಗಿಟಾರು ನುಡಿಸಬೇಕಾದಲ್ಲಿ ಅಶೋಕ ನನ್ನನ್ನು ಒತ್ತಿ ಹಿಡಿದು ರಾಡಿಯನ್ನು ಸುರಿದ. ಅದರಲ್ಲಿ ಅವಳಿಗೆ ಆಧಾರಕ್ಕೆ ಒಂದು ಸ್ವರವೂ ಸಿಗಲಿಲ್ಲ. ಚರಣವನ್ನು ತಪ್ಪು ಶ್ರುತಿಯಲ್ಲಿ ಎತ್ತಿದಳು. ಮುಂದಿನ ಸಾಲಿನ ಕುರ್ಚಿಗಳಲ್ಲಿ ನಗೆ ಎದ್ದಿತು. ಅಶೋಕ ಅವಳ ಕೈಯಿಂದ ಮೈಕು ತೆಗೆದುಕೊಂಡು, "ನಮ್ಮ ಕಸ್ತೂರಿ ಅವ್ರಿಗೆ ಶ್ರುತಿ ಎಲ್ಲೆ ಐತಿ ಅಂತ ಹುಡುಕಿ ಕೊಡ್ರಪಾ ಯಾರಾರ" ಎಂದ. ಇನ್ನೂ ನಕ್ಕರು. ಅವಳು ಬರಿಗಾಲಲ್ಲೇ ವೇದಿಕೆ ಇಳಿದು ಹೋದದ್ದನ್ನು ನಾನು ನೋಡಿದೆ. ನನಗೆ ಬಾಯಿಯಿದೆ, ಆದರೆ ಬೇರೆಯವರು ಹೇಳಿದ್ದನ್ನಷ್ಟೇ ಹೇಳಬಲ್ಲೆ.

ಅಶೋಕ ಅವಳನ್ನು ಮತ್ತೆ ಕರೆಯಲಿಲ್ಲ. ತನ್ನ ಕಿವಿಯೇ ಕೆಟ್ಟಿದೆ ಎಂದುಕೊಂಡು ಹಾಡುವುದನ್ನೇ ಬಿಟ್ಟಳಂತೆ, ಮನೆಯಲ್ಲಿ ರವಿಕೆ ಹೊಲಿಯುತ್ತಾಳಂತೆ ಎಂದು ವೇದಿಕೆಯ ಹಿಂದೆ ಯಾರೋ ಆಡಿಕೊಂಡರು.

ವರ್ಷಗಳಾದವು. ಅಶೋಕ ದೊಡ್ಡ ಹೊಸ ಆಂಪು, ಹೊಸ ಪೆಡಲುಗಳನ್ನು ತಂದ. ಹಳೆಯ ಆಂಪನ್ನೂ ನನ್ನನ್ನೂ ಕೀಬೋರ್ಡ್ ನುಡಿಸುವ ಫಿಲಿಪ್ ದೊಡ್ಡಮನಿಗೆ ಕೊಟ್ಟುಬಿಟ್ಟ. ಫಿಲಿಪ್ ಮೆತ್ತನೆಯ ಮನುಷ್ಯ. ಅಂದು ಕಸ್ತೂರಿಯ ಪರ ಅವನೂ ತುಟಿ ಬಿಚ್ಚಿರಲಿಲ್ಲ. ಅವನ ಮಗಳು ಜೆನಿಫರ್ ಗಿಟಾರು ಕಲಿಯುತ್ತಿದ್ದಳು. ಒದ್ದೆ ಬಟ್ಟೆಯಿಂದ ನನ್ನನ್ನು ಒರೆಸುತ್ತ, "ಥೂ, ಎಂಥಾ ಹೊಲಸ ಮಾಡ್ಯಾರ ಪಪ್ಪಾ" ಎಂದಳು. ಆಂಪಿನ ಬೆನ್ನಿನ ಸ್ಟಿಕ್ಕರನ್ನು ಉಗುರಿನಿಂದ ಕೆರೆದಾಗ ತೂತುಗಳು ಕಂಡವು. ನನ್ನನ್ನು ಅಲ್ಲಿ ಸಿಕ್ಕಿಸಿ ನುಡಿಸಿದಳು.

ಫಿಲಿಪ್ ಅಡುಗೆಮನೆಯಿಂದ ಚಹಾದ ಕಪ್ಪು ಹಿಡಿದು ಬಂದವನು ಅಲ್ಲೇ ನಿಂತ. "ಇದು ಅದ ಪೆಡಲ್ ಏನು? ಇಷ್ಟ ಸ್ವಚ್ಛ ಕೇಳ್ತೈತಲ್ಲ!" ಎಂದ. ಕಪ್ಪನ್ನು ಇಟ್ಟು ಹೊರಗೆ ಹೋದ. ಸಂಜೆ ಕಸ್ತೂರಿಯನ್ನು ಕರೆದುಕೊಂಡು ಬಂದ.

ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ಕುಳಿತಳು. ಜೆನಿಫರ್ ನುಡಿಸಿದಳು. ಸ್ವಲ್ಪ ಹೊತ್ತು ಕೇಳಿ ಕಸ್ತೂರಿ, "ಈ ದನಿ ನಾ ಒಮ್ಮೆ ಕೇಳೇನಿ" ಎಂದಳು. ಎದ್ದು ಬಂದು ಆಂಪಿನ ಹಿಂದೆ ಬಗ್ಗಿ ತಂತಿಯನ್ನು ನೋಡಿದಳು. "ಅವತ್ತೂ ತಂತಿ ಇಲ್ಲೇ ಇತ್ತು. ಹೌದಲ್ಲ ಫಿಲಿಪ್ಪಣ್ಣ, ಹಂಗಾರ ಅಶೋಕ ಅಣ್ಣಾರಿಗೆ ಎಲ್ಲಾ ಗೊತ್ತಿತ್ತು."

ಫಿಲಿಪ್ ತಲೆ ತಗ್ಗಿಸಿದ.

"ನಾ ಇಷ್ಟ ವರ್ಷ ನನ್ನ ಕಿವೀನ ಬೈಕೊಂಡ ಕುಂತೆ" ಎಂದಳು. ಅವಳು ಅಳಲಿಲ್ಲ, ಮುಖ ಸಿಂಡರಿಸಿದಳು. ಕೊಳೆತದ್ದೇನನ್ನೋ ಮುಟ್ಟಿದವರ ಮುಖ ಹಾಗಿರುತ್ತದೆ. ಆಮೇಲೆ, "ಇನ್ನೊಮ್ಮೆ ಬಾರಿಸವಾ, ನೋಡೂಣು" ಎಂದು ಹಾಡಿದಳು. ದನಿ ತುಕ್ಕು ಹಿಡಿದಿತ್ತು, ಶ್ರುತಿ ಎಲ್ಲೂ ಅಲುಗಲಿಲ್ಲ.

ಆ ಮೂವರೂ ಸೇರಿ ಸಣ್ಣಪುಟ್ಟ ಸಮಾರಂಭಗಳಲ್ಲಿ ಹಾಡತೊಡಗಿದರು. ಒಂದು ದಿನ ಅಶೋಕ ಫಿಲಿಪ್‌ನ ಮನೆಗೆ ಬಂದ. ಬೂಟು ಬಿಚ್ಚದೆ ಒಳಗೆ ಬಂದು, "ನಮ್ಮ ಪೆಡಲ್ ಬಾಳ ಚಲೋ ಕೇಳ್ತೈತಂತ. ಒಂದ ಪ್ರೋಗ್ರಾಮಿಗೆ ಒಯ್ತೇನಿ" ಎನ್ನುತ್ತ ಬೂಟಿನ ತುದಿಯನ್ನು ನನ್ನ ಮೇಲಿಟ್ಟು ತೋರಿಸಿದ. ಅದೇ ವಾಸನೆ.

ಫಿಲಿಪ್ ಏನೋ ತೊದಲಿದ. ಕಸ್ತೂರಿ ಕುಳಿತಲ್ಲಿಂದಲೇ ಹೇಳಿದಳು: "ಕಾಲ ತೆಗೀರಿ."

"ಏನವಾ?"

"ಅದರ ಮ್ಯಾಲಿಂದ ಕಾಲ ತೆಗೀರಿ."

ಅವಳ ದನಿ ಏರಿರಲಿಲ್ಲ. ಬೂಟು ಹಿಂದೆ ಸರಿಯಿತು, ಹೊಸ್ತಿಲು ದಾಟಿತು.

ಈಗ ನನಗೆ ವಯಸ್ಸಾಗಿದೆ. ಗುಂಡಿ ಸಡಿಲಾಗಿದೆ, ಕೊನೆಯ ಮರುನುಡಿ ಗೊಗ್ಗರಾಗುತ್ತದೆ. ರಿಪೇರಿಗೆ ಬಿಡಿಭಾಗ ಸಿಗುವುದಿಲ್ಲ. ಕಾರ್ಯಕ್ರಮಗಳಿಗೆ ಒಯ್ಯುವುದು ಹೊಸ ಪೆಡಲನ್ನು. ಮನೆಯ ಅಭ್ಯಾಸಕ್ಕೆ ಮಾತ್ರ ನಾನು, ಆಂಪಿನ ಹಿಂದೆ. ಹೇಸಿಕೆ ಪೂರ್ತಿ ಹೋಗಿಲ್ಲ, ಹೋಗುವುದೂ ಬೇಡ. ಅಶೋಕನ ಆರ್ಕೆಸ್ಟ್ರಾ ಇಂದಿಗೂ ನಡೆಯುತ್ತದೆ. ಪಕ್ಕದ ಬೀದಿಯ ಕಲ್ಯಾಣಮಂಟಪದಿಂದ ಒಮ್ಮೊಮ್ಮೆ ಆ ರಾಡಿ ತೇಲಿಬರುತ್ತದೆ, ಹಿಂದೆಯೇ ಚಪ್ಪಾಳೆ. ಆಗ ಕಸ್ತೂರಿ ಹಾಡು ನಿಲ್ಲಿಸಿ ಜೆನಿಫರ್ ಕಡೆ ನೋಡುತ್ತಾಳೆ. ಜೆನಿಫರ್ ಎದ್ದು ಕಿಟಕಿ ಮುಚ್ಚಿ ಬರುತ್ತಾಳೆ.